ಓಡಿಸಿದವರು ಯಾರು?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಕ್ರೀಡೆ ಮತ್ತು ಪ್ರಾಮಾಣಿಕತೆ’. ದೊಡ್ಡ ವಿಷಯ. ನಾನು ಕ್ರೀಡಾಪಟು ಅಲ್ಲ, ಮೆಕ್ಯಾನಿಕ್. ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಕಲಿತು ಬೆಂಗಳೂರಿಗೆ ಹೋದವನು. ಅಲ್ಲಿ ಗ್ಯಾರೇಜು ನಡೆಸಿಕೊಂಡು, ಹನ್ನೊಂದು ವರ್ಷ ಶನಿವಾರ, ಆದಿತ್ಯವಾರ ಒಂದು ಕಾರ್ ರೇಸ್ ತರಬೇತಿ ಶಾಲೆಯ ಗಾಡಿಗಳನ್ನು ನೋಡಿಕೊಂಡಿದ್ದೆ. ಹಾಗಾಗಿ ನನಗೆ ಗೊತ್ತಿರುವ ಎರಡೇ ಓಟಗಳ ಬಗ್ಗೆ ಮಾತನಾಡುತ್ತೇನೆ. ಒಂದು ಅಲ್ಲಿಯ ಕಾರಿನ ಓಟ, ಇನ್ನೊಂದು ನಮ್ಮ ಕೋಣಗಳ ಓಟ.

ರೇಸಿಗೂ ಶಾಲೆ ಉಂಟಾ ಎಂದು ನಮ್ಮ ಅಮ್ಮ ಕೇಳುತ್ತಿದ್ದರು. ಉಂಟು. ಇಂಗ್ಲೆಂಡಿನಲ್ಲಿ ಜಿಮ್ ರಸೆಲ್ ಎಂಬ ರೇಸ್ ಚಾಲಕ 1957ರಲ್ಲೇ ಸ್ನೆಟರ್ಟನ್ ಎಂಬಲ್ಲಿ ಅಂಥ ಶಾಲೆ ತೆರೆದಿದ್ದ. ಮುಂದೆ ವಿಶ್ವ ಚಾಂಪಿಯನ್ ಆದ ಬ್ರೆಜಿಲಿನ ಎಮರ್ಸನ್ ಫಿಟ್ಟಿಪಾಲ್ಡಿ ಕೂಡ ಆ ಶಾಲೆಯ ನೆರಳಿನಲ್ಲೇ ಬೆಳೆದವನು. ನಮ್ಮ ದೇಶದಲ್ಲಿ ಇಂಥ ಶಾಲೆಗಳು ಬಂದದ್ದು ಬಹಳ ತಡವಾಗಿ. ಬರುವವರು ಹೆಚ್ಚಾಗಿ ಸಾಫ್ಟ್‌ವೇರ್ ಕಂಪೆನಿಯ ಹುಡುಗರು, ಕಾಲೇಜು ಮಕ್ಕಳು, ವ್ಯಾಪಾರಸ್ಥರ ಮಕ್ಕಳು, ಆಗೊಮ್ಮೆ ಈಗೊಮ್ಮೆ ಒಬ್ಬ ಡಾಕ್ಟರು. ಹವ್ಯಾಸಕ್ಕೆ ಬರುವವರು. ಮೊದಲ ದಿನ ಬಾವುಟಗಳ ಪಾಠ. ಹಳದಿ ತೋರಿಸಿದರೆ ಮುಂದೆ ಅಪಾಯ ಇದೆ, ಯಾರನ್ನೂ ಹಿಂದೆ ಹಾಕುವಂತಿಲ್ಲ. ನೀಲಿ ತೋರಿಸಿದರೆ ಹಿಂದಿನಿಂದ ವೇಗದವನು ಬರುತ್ತಿದ್ದಾನೆ, ದಾರಿ ಬಿಡು. ಆಮೇಲೆ ತಿರುವಿನಲ್ಲಿ ಎಲ್ಲಿ ಬ್ರೇಕ್ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬ ಪಾಠ. ಮೂರನೆಯ ದಿನ ತಮ್ಮತಮ್ಮೊಳಗೆ ಒಂದು ಸಣ್ಣ ಸ್ಪರ್ಧೆ.

ಆ ಸ್ಪರ್ಧೆಯಲ್ಲೇ ಎಲ್ಲ ತಕರಾರು.

ಶಾಲೆಯ ಲೆಕ್ಕದಲ್ಲಿ ಗಾಡಿಗಳೆಲ್ಲ ಒಂದೇ ತರ. ಒಂದೇ ಎಂಜಿನ್, ಒಂದೇ ಟಯರು, ಒಂದೇ ಚಾಸಿ. ಕೊಯಮತ್ತೂರಿನ ಕರಿವರ್ಧನ್ ಎಂಬವರು ನಮ್ಮ ದೇಶಕ್ಕೆ ಕೊಟ್ಟ ದಾರಿ ಅದು. ಮಾರುತಿ 800ರ ಎಂಜಿನ್ ಹಾಕಿ, ಕಡಿಮೆ ಖರ್ಚಿನಲ್ಲಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ಗಾಡಿ ಕಟ್ಟಿದರು. ಫಾರ್ಮುಲಾ ಒನ್ ಓಡಿಸಿದ ನಮ್ಮ ದೇಶದ ಮೊದಲಿಗ ನರೇನ್ ಕಾರ್ತಿಕೇಯನ್ ಮೊದಮೊದಲು ಕುಳಿತದ್ದು ಅದರಲ್ಲಿ. ಈಗ ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯದಲ್ಲಿರುವ ರೇಸ್ ಟ್ರ್ಯಾಕಿಗೆ ಕರಿವರ್ಧನ್ ಅವರದೇ ಹೆಸರು. ಅಲ್ಲಿ ಓಡುವ ಫಾರ್ಮುಲಾ ಎಲ್‌ಜಿಬಿ ಗಾಡಿಗಳಲ್ಲಿ ಸ್ವಿಫ್ಟಿನ ಎಂಜಿನ್. ಎಲ್ಲರಿಗೂ ಒಂದೇ ಗಾಡಿ ಕೊಟ್ಟರೆ ಅಪ್ಪನ ದುಡ್ಡು ಓಡುವುದಿಲ್ಲ, ಮಗನೇ ಓಡಬೇಕಾಗುತ್ತದೆ ಎಂಬುದು ಇದರ ಹಿಂದಿನ ಯೋಚನೆ. ಒಳ್ಳೆಯ ಯೋಚನೆಯೇ.

ಆದರೆ ಒಂದೇ ತರದ ಗಾಡಿ ಎಂಬುದು ಇಲ್ಲ. ಇದು ನಿಮಗೂ ಗೊತ್ತು. 2006-07ರಿಂದ ನಮ್ಮ ಸರಕಾರಿ ಪ್ರೌಢಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟರಲ್ಲ, ನೋಡಲಿಕ್ಕೆ ಎಲ್ಲ ಒಂದೇ. ಎರಡು ತಿಂಗಳು ಕಳೆಯಲಿ, ಯಾರ ಸೈಕಲಿನ ಚೈನು ಸಲೀಸು, ಯಾರದ್ದು ಚಡಾವಿನಲ್ಲಿ ಕಿರುಗುಟ್ಟುತ್ತದೆ ಎಂದು ಮಕ್ಕಳೇ ಹೇಳುತ್ತಿದ್ದರು. ಕಾರೂ ಹಾಗೆಯೇ. ಒಂದೇ ದಿನ ಬಂದ ಆರು ಗಾಡಿಗಳಲ್ಲಿ ಒಂದು ಬೆಳಗ್ಗೆ ಚುರುಕು, ಇನ್ನೊಂದು ಬಿಸಿಯಾದ ಮೇಲೆ ಚುರುಕು, ಮತ್ತೊಂದು ಎಡ ತಿರುವಿನಲ್ಲಿ ಹಟಮಾರಿ. ಪುಸ್ತಕದಲ್ಲಿ ಇದು ಬರೆದಿರುವುದಿಲ್ಲ. ಚಾಲಕನಿಗಿಂತ ಮೊದಲು ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ. ಹಾಗಾಗಿ ನ್ಯಾಯ ಅನ್ಯಾಯದ ಮೊದಲ ಗೇಟು ನಮ್ಮ ಕೈಯಲ್ಲೇ ಇರುತ್ತಿತ್ತು.

ನಮ್ಮಲ್ಲಿ 4ನೇ ನಂಬರಿನ ಗಾಡಿ ಒಳ್ಳೆಯದು ಎಂಬ ಮಾತು ಹೇಗೋ ಹೊರಗೆ ಹೋಯಿತು. ಒಬ್ಬ ತಂದೆ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, “ಅಣ್ಣ, ನಮ್ಮ ಹುಡುಗನಿಗೆ ನಾಲ್ಕನೆಯದ್ದೇ ಇರಲಿ” ಎಂದು ಮಡಚಿದ ನೋಟು ಜೇಬಿಗೆ ತುರುಕಲು ನೋಡಿದರು. ನಾನು ನೋಟು ಹಿಂದೆ ಕೊಟ್ಟು, ವಿಷಯವನ್ನು ಮುಖ್ಯ ತರಬೇತುದಾರರಿಗೆ ಹೇಳಿದೆ. ಅವರು ಬೈಯಲಿಲ್ಲ, ಯಾರನ್ನೂ ಹೊರಗೆ ಹಾಕಲೂ ಇಲ್ಲ. ಮರುದಿನದಿಂದ ಒಂದು ಕ್ರಮ ತಂದರು. ಆರು ಗಾಡಿ, ಆರು ಮಂದಿ, ಆರು ಸುತ್ತಿನ ಸ್ಪರ್ಧೆ. ಮೊದಲು ಚೀಟಿ ಎತ್ತುವುದು, ಆಮೇಲೆ ಪ್ರತಿ ಸ್ಪರ್ಧೆಗೂ ಗಾಡಿ ಬದಲು. ಎಲ್ಲರೂ ಎಲ್ಲ ಗಾಡಿಯಲ್ಲಿ ಒಂದೊಂದು ಸಲ ಕೂರಲೇಬೇಕು.

ಕೇಳಲಿಕ್ಕೆ ಇದು ಮಕ್ಕಳಾಟದ ಹಾಗೆ ಕಾಣುತ್ತದೆ. ಆದರೆ ಅದರಿಂದ ಆದದ್ದು ನೋಡಿ. ಅಷ್ಟರವರೆಗೆ ‘ವೇಗದವನು’ ಎಂದು ಹೆಸರು ಮಾಡಿದ್ದ ಹುಡುಗ ಚುರುಕು ಗಾಡಿಯಲ್ಲಿ ಮಾತ್ರ ವೇಗ. ಹಟಮಾರಿ ಗಾಡಿಯಲ್ಲಿ ಕೂತರೆ ಎರಡು ಸುತ್ತಿಗೇ ಸ್ಟಿಯರಿಂಗ್ ಗುದ್ದಿ, ಹೊರಗೆ ಬಂದು ನನಗೆ ಬೈಯುತ್ತಿದ್ದ. ಇನ್ನೊಬ್ಬ, ಆಟೋ ಓಡಿಸುವವರ ಮಗ, ಒಂದು ಕಂಪೆನಿಯವರು ಶುಲ್ಕ ಕಟ್ಟಿ ಕಳುಹಿಸಿದ್ದ ಹುಡುಗ. ಅವನು ಯಾವ ಗಾಡಿಯಲ್ಲೂ ಎಲ್ಲರಿಗಿಂತ ಮುಂದೆ ಬರಲಿಲ್ಲ, ಆದರೆ ಆರರಲ್ಲೂ ಎರಡನೆಯವನೋ ಮೂರನೆಯವನೋ ಆಗಿ ಬಂದ. ಗಾಡಿಯಿಂದ ಇಳಿದು “ಅಣ್ಣ, ಹಿಂದಿನ ಬಲ ಟಯರು ಜಾರುತ್ತಿದೆ, ಗಾಳಿ ನೋಡಿ” ಎನ್ನುತ್ತಿದ್ದ. ನೋಡಿದರೆ ಗಾಳಿ ಕಡಿಮೆ ಆಗಿರುತ್ತಿತ್ತು. ಒಟ್ಟು ಅಂಕ ಕೂಡಿಸಿದಾಗ ಗೆದ್ದವನು ಅವನು. ಚಾಲಕನ ಕೌಶಲ ಎಂದರೆ ಏನು ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಸಿಕ್ಕಿದ ಗಾಡಿ ಏನು ಹೇಳುತ್ತದೆ ಎಂದು ಬೆನ್ನಿನಿಂದ ಕೇಳಿಸಿಕೊಳ್ಳುವುದು, ಅದಕ್ಕೆ ತಕ್ಕ ಹಾಗೆ ಕೈಕಾಲು ಬದಲಿಸುವುದು. ಧೈರ್ಯ ಆಮೇಲಿನದ್ದು. ಧೈರ್ಯ ಎಲ್ಲರಿಗೂ ಇರುತ್ತದೆ, ಬ್ರೇಕು ಹಿಡಿಯಲು ಒಂದು ಗಳಿಗೆ ತಡ ಮಾಡಲಿಕ್ಕೆ ಶಾಲೆ ಬೇಡ.

ಇನ್ನು ಭಾರ. ಬಾಡಿಗೆಗೆ ಓಡಿಸುವ ಸಣ್ಣ ಕಾರ್ಟ್ ಗಾಡಿ ಮತ್ತು ಚಾಲಕ ಸೇರಿ ಇನ್ನೂರು ಕಿಲೋ ಆಸುಪಾಸು ಎಂದಿಟ್ಟುಕೊಳ್ಳಿ. ಐವತ್ತು ಕಿಲೋದ ಹುಡುಗನಿಗೂ ಎಪ್ಪತ್ತು ಕಿಲೋದ ಹುಡುಗನಿಗೂ ನಡುವೆ ಒಟ್ಟು ಭಾರದ ಹತ್ತನೇ ಒಂದು ಪಾಲಿನಷ್ಟು ವ್ಯತ್ಯಾಸ. ಅದಕ್ಕೆ ತೆಳ್ಳಗಿನವನ ಸೀಟಿಗೆ ಸೀಸದ ತುಂಡು ಕಟ್ಟಿ ಸರಿದೂಗಿಸುತ್ತಾರೆ. ಕೆಲವರು ತೂಕ ಹಾಕುವಾಗ ನೀರು ತುಂಬಿದ ಬಾಟಲಿ ಜೇಬಿನಲ್ಲಿಟ್ಟು, ಆಮೇಲೆ ಅದನ್ನು ಕುಡಿದೋ ಚೆಲ್ಲಿಯೋ ಹೋಗುತ್ತಿದ್ದರು. ಅದಕ್ಕೆ ಓಟದ ನಂತರ ಇನ್ನೊಮ್ಮೆ ತೂಕ ಹಾಕುವ ಕ್ರಮ ಬಂತು. ಟಯರಿಗೆ ರಾಸಾಯನಿಕ ಹಚ್ಚಿ ಮೆತ್ತಗೆ ಮಾಡುವುದು, ಬಿಸಿಲಿಗಿಟ್ಟು ಗಾಳಿ ಹೆಚ್ಚು ಕಡಿಮೆ ಮಾಡುವುದು, ಯಾರೂ ನೋಡದ ತಿರುವಿನಲ್ಲಿ ಬಿಳಿ ಗೆರೆ ದಾಟಿ ದಾರಿ ಹತ್ತಿರ ಮಾಡಿಕೊಳ್ಳುವುದು, ಹೀಗೆ ಹವ್ಯಾಸಿಗಳ ವಿದ್ಯೆ ಹಲವು. ಗೆದ್ದರೆ ಸಿಗುವುದು ಒಂದು ಸಣ್ಣ ಕಪ್ಪು. ಅದಕ್ಕೆ ಇಷ್ಟೆಲ್ಲ ಯಾಕೆ ಮಾರಾಯ್ರೆ ಎಂದು ನನಗೆ ಅನಿಸುತ್ತಿತ್ತು. ಆದರೆ ಕಪ್ಪು ಸಣ್ಣದಾದಷ್ಟೂ ಜಗಳ ದೊಡ್ಡದು, ನಮ್ಮ ಯುವಕ ಮಂಡಲದ ಹಗ್ಗ ಜಗ್ಗಾಟ ನೋಡಿದವರಿಗೆ ಇದು ಹೊಸತಲ್ಲ.

ದೊಡ್ಡವರೂ ಕಡಿಮೆ ಇಲ್ಲ. 1984ರಲ್ಲಿ ಫಾರ್ಮುಲಾ ಒನ್‌ನಲ್ಲಿ ಗಾಡಿಯ ಭಾರ 540 ಕಿಲೋಗಿಂತ ಕಡಿಮೆ ಇರಬಾರದೆಂಬ ನಿಯಮ. ಟಿರೆಲ್ ಎಂಬ ತಂಡ ಓಟದ ಬಹುಪಾಲು ಹಗುರಾಗಿ ಓಡಿ, ಕೊನೆಗೆ ನಿಲ್ಲಿಸಿದಾಗ ನೀರಿನ ಟ್ಯಾಂಕಿಗೆ ಸೀಸದ ಗುಂಡು ಬೆರೆತ ನೀರು ತುಂಬಿಸುತ್ತಿತ್ತು. ಡೆಟ್ರಾಯಿಟಿನ ಓಟದ ನಂತರ ಸಿಕ್ಕಿಬಿತ್ತು, ಆ ವರ್ಷದ ಎಲ್ಲ ಅಂಕಗಳೂ ಹೋದವು. 1995ರಲ್ಲಿ ಸ್ಪೇನಿನ ರ‍್ಯಾಲಿಯಲ್ಲಿ ಟೊಯೊಟಾದ್ದು ಇನ್ನೂ ಚಂದ. ಎಂಜಿನ್ನಿಗೆ ಇಷ್ಟೇ ಗಾಳಿ ಹೋಗಬೇಕೆಂದು ಒಂದು ಬಳೆ ಹಾಕುವುದು ನಿಯಮ. ಅವರು ಮಾಡಿದ ಬಳೆ, ಜೋಡಿಸಿದಾಗ ಪಕ್ಕದಿಂದ ಗಾಳಿ ಬಿಡುತ್ತಿತ್ತು, ಪರೀಕ್ಷೆಗೆ ಬಿಚ್ಚಿದ ಕೂಡಲೇ ತಾನಾಗಿ ಮುಚ್ಚಿಕೊಂಡು ಒಳ್ಳೆಯ ಹುಡುಗನ ಹಾಗೆ ಕೂರುತ್ತಿತ್ತು. ಒಂದು ವರ್ಷ ನಿಷೇಧ ಬಿತ್ತು. ಮೆಕ್ಯಾನಿಕ್ ಆಗಿ ಹೇಳುತ್ತೇನೆ, ಆ ಕೆಲಸಗಾರಿಕೆಗೆ ಕೈ ಮುಗಿಯಬೇಕು. ಆದರೆ ಆ ಗಾಡಿಯಲ್ಲಿ ಕುಳಿತ ಚಾಲಕರ ಗತಿ ನೋಡಿ. ಅವರ ಕೈಚಳಕ ಎಷ್ಟು, ಬಳೆಯ ಪಾಲು ಎಷ್ಟು ಎಂದು ಇನ್ನು ಯಾರು ಬೇರ್ಪಡಿಸಿ ಹೇಳುವುದು? ಯಜಮಾನ ಮಾಡಿದ ಮೋಸದಲ್ಲಿ ಮೊದಲು ಕಳೆದುಹೋಗುವುದು ಓಡಿಸಿದವನ ಹೆಸರು.

ಈಗ ನಮ್ಮ ಕರೆಗೆ ಬರೋಣ. ವೇಣೂರಿನ ಸೂರ್ಯ-ಚಂದ್ರ, ಮೂಡುಬಿದಿರೆಯ ಕೋಟಿ-ಚೆನ್ನಯ, ಕಕ್ಯಪದವಿನ ಸತ್ಯ-ಧರ್ಮ, ಹೊಕ್ಕಾಡಿಗೋಳಿಯ ವೀರ-ವಿಕ್ರಮ. ಇಲ್ಲಿ ಕುಳಿತವರಲ್ಲಿ ಕಂಬಳದ ಕೆಸರು ಅಂಗಿಗೆ ಹಾರಿಸಿಕೊಳ್ಳದವರು ಕಡಿಮೆ. ಕಂಬಳಕ್ಕೂ ಶಾಲೆ ಉಂಟು. ಕೆ. ಗುಣಪಾಲ ಕಡಂಬರು 2011ರಲ್ಲಿ ಕಾರ್ಕಳದ ಮಿಯ್ಯಾರಿನಲ್ಲಿ ಕಂಬಳ ಅಕಾಡೆಮಿ ಆರಂಭಿಸಿ ಯುವಕರಿಗೆ ಓಟದ ತರಬೇತಿ ಕೊಡಿಸಿದರು. ಅಲ್ಲಿಯವರೆಗೆ ಕೋಣ ಓಡಿಸುವುದು ಮನೆಯಲ್ಲಿ ಹಿರಿಯರನ್ನು ನೋಡಿ ಕಲಿಯುವ ವಿದ್ಯೆ. ಕೋಣ ಇದ್ದ ಮನೆಯ ಹತ್ತಿರ ಹುಟ್ಟದವನಿಗೆ ಆ ಬಾಗಿಲು ಇರಲಿಲ್ಲ. ನನ್ನ ಮಟ್ಟಿಗೆ ಅಕಾಡೆಮಿಯ ದೊಡ್ಡ ಕೆಲಸ ಆ ಬಾಗಿಲು ತೆರೆದದ್ದು.

2020ರ ಫೆಬ್ರವರಿಯಲ್ಲಿ ದೇಶವೇ ನಮ್ಮ ಕಡೆ ತಿರುಗಿ ನೋಡಿತು. ಐಕಳದ ಕಂಬಳದಲ್ಲಿ ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಕೆಲವೇ ದಿನಗಳಲ್ಲಿ ನಮ್ಮ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು. ಪತ್ರಿಕೆಯವರು ಅದನ್ನು ನೂರು ಮೀಟರಿಗೆ ಇಳಿಸಿ 9.55, 9.51 ಎಂದು ಬರೆದು, ಉಸೇನ್ ಬೋಲ್ಟನ 9.58ರ ಪಕ್ಕ ಇಟ್ಟರು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಶ್ರೀನಿವಾಸ ಗೌಡರು ಹೋಗಲಿಲ್ಲ. ಕೆಸರಿನಲ್ಲಿ ಕೋಣಗಳ ಜತೆ ಓಡುವುದು ಬೇರೆ, ಟ್ರ್ಯಾಕಿನ ಓಟ ಬೇರೆ ಎಂದರು. ಅಷ್ಟು ಗದ್ದಲದ ನಡುವೆ ನಿಜವಾದ ಲೆಕ್ಕ ಹಿಡಿದದ್ದು ಅವರೊಬ್ಬರೇ ಎಂದು ನನಗೆ ಕಾಣುತ್ತದೆ. ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಓಡಿದ್ದು ನಿಂತಲ್ಲಿಂದ ಹೊರಟು ನೂರೇ ಮೀಟರು, ಎಳೆಯಲು ಯಾರೂ ಇಲ್ಲದೆ. ಇಲ್ಲಿ ಹೊರಡುವಾಗಿನ ನಿಧಾನ ನೂರನಲವತ್ತು ಚಿಲ್ಲರೆ ಮೀಟರಿಗೆ ಹಂಚಿ ಹೋಗುತ್ತದೆ. ಮುಂದಿನಿಂದ ಎರಡು ಕೋಣಗಳು ಎಳೆಯುತ್ತವೆ. ಒಂದು ಕಡೆ ಎಳೆತದ ಲಾಭ, ಇನ್ನೊಂದು ಕಡೆ ಮೊಣಕಾಲು ಹಿಡಿಯುವ ಕೆಸರು. ಎರಡನ್ನೂ ಬೇರ್ಪಡಿಸಿ ಅಳೆದವರು ಯಾರೂ ಇಲ್ಲ. ಐಕಳದ ಕರೆಗೂ ವೇಣೂರಿನ ಕರೆಗೂ ಅರ್ಧ ಮೀಟರಿನ ವ್ಯತ್ಯಾಸ, ಕೆಸರಿನ ಹದ ಬೇರೆ, ಕೋಣಗಳು ಬೇರೆ. ಸೆಕೆಂಡಿನ ನೂರನೇ ಒಂದು ಭಾಗ ಹಿಡಿದು ದಾಖಲೆ ಮುರಿಯಿತು ಎನ್ನುವುದು ಪೇಪರಿಗೆ ಚಂದ, ಓಟಗಾರನಿಗೆ ನ್ಯಾಯವಲ್ಲ.

ಹಾಗಾದರೆ ಓಟಗಾರನ ಕೌಶಲ ತಿಳಿಯುವುದು ಹೇಗೆ? ನಮ್ಮ ತರಬೇತುದಾರರ ಕ್ರಮವೇ ಇಲ್ಲಿಯೂ ಒಂದು ರೀತಿಯಲ್ಲಿ ಉಂಟು. ಒಬ್ಬನೇ ಓಟಗಾರ ಬೇರೆ ಬೇರೆ ಯಜಮಾನರ ಕೋಣಗಳನ್ನು ಓಡಿಸುತ್ತಾನೆ, ನೇಗಿಲಿನಲ್ಲಿ ಒಂದು ಜೋಡಿ, ಹಗ್ಗದಲ್ಲಿ ಇನ್ನೊಂದು. ಯಾವ ಜೋಡಿ ಕೊಟ್ಟರೂ ಮಂಜೊಟ್ಟಿಯವರೆಗೆ ನೇರ ತರುವವನು ಯಾರು ಎಂದು ಕರೆಯ ಬದಿಯಲ್ಲಿ ಕೂತ ಅಜ್ಜಂದಿರಿಗೆ ಗೊತ್ತು. ಆದರೆ ಬಹುಮಾನದ ಚಿನ್ನ ಯಜಮಾನರ ಹೆಸರಿಗೆ. ಪತ್ರಿಕೆಯ ಫಲಿತಾಂಶದಲ್ಲಿ ಮೊದಲು ಯಜಮಾನರ ಹೆಸರು, ‘ಎ’, ‘ಬಿ’ ಎಂಬ ಜೋಡಿಯ ಗುರುತು, ಕೊನೆಗೆ ‘ಓಡಿಸಿದವರು’ ಎಂದು ಇನ್ನೊಂದು ಹೆಸರು. ಕನೆಹಲಗೆಯಲ್ಲಿ ‘ಹಲಗೆ ಮುಟ್ಟಿದವರು’. ಯಜಮಾನರನ್ನು ನಾನು ಹಳಿಯುವುದಿಲ್ಲ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ಹಚ್ಚಿ, ಮಕ್ಕಳಿಗಿಂತ ಹೆಚ್ಚಾಗಿ ಸಾಕುವವರು ಅವರು, ಖರ್ಚು ಅವರದ್ದು. ಆದರೆ ಕಾಲಿನ ನರ ಎಳೆದರೆ, ಮಂಜೊಟ್ಟಿಯಲ್ಲಿ ಬಿದ್ದು ಭುಜ ಜಾರಿದರೆ ಆ ಋತು ಕಳೆಯುವುದು ಓಡಿಸಿದವನಿಗೆ. ಅವನ ಪಾಲು, ಅವನ ವಿಮೆ ಎಷ್ಟು ಎಂಬುದು ಯಜಮಾನರ ದೊಡ್ಡ ಮನಸ್ಸಿನ ಮೇಲೆ ನಿಲ್ಲಬಾರದು. ಬರಹದಲ್ಲಿ ಇರಬೇಕು.

ನಿಯಮ ಬಗ್ಗಿಸುವುದು ಇಲ್ಲಿಯೂ ಉಂಟು. ಮೊದಲೆಲ್ಲ ಮಂಜೊಟ್ಟಿಯಲ್ಲಿ ಕಣ್ಣಳತೆಯ ತೀರ್ಪು, ಒಂದು ಮೂತಿಯ ಅಂತರಕ್ಕೆ ಗಂಟೆಗಟ್ಟಲೆ ಮಾತಿಗೆ ಮಾತು. ಲೇಸರ್ ಕಿರಣ ಬಂದ ಮೇಲೆ ಆ ಜಗಳ ಬಹಳ ಮಟ್ಟಿಗೆ ನಿಂತಿತು. ಆಗ ಜಾಣತನ ಕರೆಯ ಇನ್ನೊಂದು ತುದಿಗೆ, ಗಂತಿಗೆ ಹೋಯಿತು. ಎದುರಿನವರ ಕೋಣ ಕಾದು ಕಾದು ಬೆವರಿ ಸೋಲಲಿ ಎಂದು ತಮ್ಮದನ್ನು ಬಿಡದೆ ಸುತ್ತಿಸುವುದು. ನೊಗ ಸರಿ ಇಲ್ಲ ಎನ್ನುವುದು, ಹಗ್ಗ ಸಡಿಲ ಎನ್ನುವುದು. ಬೆಳಗಾಗುವ ಮೊದಲು ಮುಗಿಯಬೇಕಾದ ಕಂಬಳ ಮರುದಿನ ಮಧ್ಯಾಹ್ನದ ಬಿಸಿಲಿಗೆ ಬರುವುದು ಹೀಗೆ. ಸಮಯದ ಮಿತಿ ಹಾಕುವ ನಿಯಮಗಳು ಬಂದಿವೆ. ಗಡಿಯಾರ ಹಿಡಿದವನಿಗೆ ದೊಡ್ಡ ಮನೆಯ ಕೋಣವನ್ನೂ ಹೊರಗೆ ಕಳುಹಿಸುವ ಧೈರ್ಯ ಬಂದ ದಿನ ಅವು ನಿಯಮ, ಅಲ್ಲಿಯವರೆಗೆ ಕಾಗದ.

ಇನ್ನೊಂದು, ಬೆತ್ತ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. 2014ರ ಮೇ 7ರ ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪಿನ ನಂತರ ಕಂಬಳಕ್ಕೂ ಕುತ್ತು ಬಂತು. 2016ರ ಕೊನೆಗೆ ಹೈಕೋರ್ಟಿನ ತಡೆ ಬಂದು ಕರೆಗಳು ಖಾಲಿ ಬಿದ್ದವು. 2017ರಲ್ಲಿ ನಮ್ಮ ರಾಜ್ಯ ಕಾನೂನಿಗೆ ತಿದ್ದುಪಡಿ ತಂದಿತು, ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲೇ ಕಂಬಳ ಆಯಿತು, ನಾನೂ ಹೋಗಿದ್ದೆ. ಆದರೆ ಕೋಣಗಳಿಗೆ ನೋವು ಕಡಿಮೆ ಮಾಡುತ್ತೇವೆ ಎಂಬ ಮಾತಿನ ಮೇಲೆ ನಿಂತ ಒಪ್ಪಿಗೆ ಅದು. ಟಿರೆಲ್ ತಂಡ ಮೋಸ ಮಾಡಿದ್ದಕ್ಕೆ ಟಿರೆಲ್ ತಂಡ ಹೊರಗೆ ಹೋಯಿತು, ಫಾರ್ಮುಲಾ ಒನ್ ಉಳಿಯಿತು. ಇಲ್ಲಿ ಒಬ್ಬ ಬೆತ್ತ ಬೀಸಿ ಗೆದ್ದರೆ, ಕ್ಯಾಮೆರಾದಲ್ಲಿ ಅದು ಸೆರೆಯಾದರೆ, ನಷ್ಟ ಅವನೊಬ್ಬನದ್ದಲ್ಲ, ಎಲ್ಲ ಕರೆಗಳದ್ದು. ಬೆತ್ತವಿಲ್ಲದೆ ಓಡಿಸಲು ಆಗುವುದಿಲ್ಲ ಎನ್ನುವವರಿಗೆ ನನ್ನ ಉತ್ತರ, ಸ್ಟಿಯರಿಂಗ್ ಗುದ್ದುತ್ತಿದ್ದ ಆ ಹುಡುಗನ ಕತೆ. ಹೊಡೆತದಿಂದ ಬರುವ ವೇಗ ಓಟಗಾರನ ಕೌಶಲದ ಲೆಕ್ಕಕ್ಕೆ ಸೇರುವುದಿಲ್ಲ.

ಅಧ್ಯಾಪಕರ ಕ್ಷಮೆ ಕೇಳಿ ಒಂದು ಮಾತು. ಶಾಲಾ ಕ್ರೀಡಾಕೂಟಗಳಲ್ಲಿ ವಯಸ್ಸಿನ ಸರ್ಟಿಫಿಕೇಟು ತಿದ್ದಿ ದೊಡ್ಡ ಹುಡುಗರನ್ನು ಕಬಡ್ಡಿಗೆ, ವಾಲಿಬಾಲಿಗೆ ಇಳಿಸುವ ಸುದ್ದಿ ನಾವೆಲ್ಲ ಕೇಳಿದವರೇ. ಕಿರಿಯ ವಿಭಾಗಕ್ಕೆ ತಂದ ಕೋಣದ ಬಾಯಿ ತೆರೆದು ಹಲ್ಲು ನೋಡುತ್ತಾರೆ. ಮಕ್ಕಳ ಬಾಯಿ ತೆರೆಸಿ ನೋಡುವ ಹಾಗಿಲ್ಲವಲ್ಲ! ಅಲ್ಲಿ ಸಹಿ ಹಾಕುವ ಕೈಯನ್ನೇ ನಂಬಬೇಕು. ಆ ಮೋಸದಲ್ಲಿ ಸೋಲುವುದು ಎದುರಿನ ಶಾಲೆ ಮಾತ್ರವಲ್ಲ, ಅದೇ ಶಾಲೆಯಲ್ಲಿ ಬೆಂಚಿನ ಮೇಲೆ ಕೂತು ಬಿಡುವ ಸರಿಯಾದ ವಯಸ್ಸಿನ ಹುಡುಗ. ಅವನ ಹೆಸರು ಯಾವ ಫಲಿತಾಂಶದಲ್ಲೂ ಬರುವುದಿಲ್ಲ.

ಸಮಯ ಆಯಿತೆಂದು ಕಾರ್ಯದರ್ಶಿಗಳು ಚೀಟಿ ಕಳುಹಿಸಿದ್ದಾರೆ. ಒಂದು ಕೋರಿಕೆ ಇಟ್ಟು ಮುಗಿಸುತ್ತೇನೆ. ನಾಳೆಯ ಕ್ರೀಡಾಕೂಟದಲ್ಲಿ ಸೈಕಲ್ ನಿಧಾನ ಓಟ ಉಂಟೆಂದು ಪಟ್ಟಿಯಲ್ಲಿ ನೋಡಿದೆ. ನಮ್ಮ ಕಾಲದಲ್ಲಿ ಅವರವರ ಸೈಕಲ್ ತರಬೇಕಿತ್ತು, ಸೈಕಲ್ ಇಲ್ಲದವರು ಗೆರೆಯ ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆವು. ನಾಳೆ ಹಾಗೆ ಬೇಡ. ಬಂದ ಸೈಕಲುಗಳಲ್ಲಿ ಆರನ್ನು ಆರಿಸಿ ಬೆಳಗ್ಗೆ ಏಳು ಗಂಟೆಗೆ ನನ್ನ ಹತ್ತಿರ ಕೊಡಿ. ಚೈನಿಗೆ ಎಣ್ಣೆ, ಚಕ್ರಕ್ಕೆ ಗಾಳಿ, ಬ್ರೇಕು, ಎಲ್ಲ ನೋಡಿ ಕೊಡುತ್ತೇನೆ. ಮಕ್ಕಳು ಚೀಟಿ ಎತ್ತಲಿ, ಪ್ರತಿ ಸುತ್ತಿಗೂ ಸೈಕಲ್ ಬದಲಾಗಲಿ, ಸ್ವಂತ ಸೈಕಲ್ ಇಲ್ಲದವರ ಹೆಸರೂ ಡಬ್ಬಿಯಲ್ಲಿ ಇರಲಿ. ಪಿ.ಟಿ. ಮಾಸ್ಟ್ರು ತಲೆ ಆಡಿಸುತ್ತಿದ್ದಾರೆ, ಒಪ್ಪಿಗೆ ಎಂದು ತಿಳಿಯುತ್ತೇನೆ. ಪಂಪು ಮತ್ತು ಸ್ಪ್ಯಾನರು ನಾನೇ ತರುತ್ತೇನೆ.